ಮಾರಿಬೊಳ್ಳವೂ ತೊಂಬತ್ತೊಂಬತ್ತರ ನೆರೆಯೂ

ತುಳುನಾಡಿನ ಹಿರಿಯರು ‘ಮಾರಿಬೊಳ್ಳ’ ಎಂದು ಕರೆಯುತ್ತಿದ್ದುದು 1923ರ ಆಗಸ್ಟ್ ತಿಂಗಳಲ್ಲಿ ನೇತ್ರಾವತಿಗೆ ಬಂದ ಮಹಾನೆರೆಯನ್ನು. ಬೊಳ್ಳವೆಂದರೆ ನೆರೆ; ಮಾರಿ ಎಂಬ ಮಾತಿಗೆ ವಿವರಣೆ ಬೇಡ. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವವರ ಮನೆಗಳಲ್ಲಿ ನೆನಪಾಗುವುದು ಇನ್ನೊಂದು, ‘ತೊಂಬತ್ತೊಂಬತ್ತರ ನೆರೆ’. ಕೊಲ್ಲವರ್ಷ 1099, ಅಂದರೆ 1924ರ ಜುಲೈ. ಎರಡರ ನಡುವೆ ಒಂದೇ ವರ್ಷದ ಅಂತರ. ಆದರೂ ಒಂದು ಮನೆಯವರಿಗೆ ಇನ್ನೊಂದು ಮನೆಯ ನೆರೆಯ ಸುದ್ದಿ ತಿಳಿಯದು.

1923ರಲ್ಲಿ ವರ್ಕಾಡಿಗೂ ಬಂಟ್ವಾಳಕ್ಕೂ ನಡುವೆ ಗಡಿ ಇರಲಿಲ್ಲ. ಎರಡೂ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಬೇರೆಯಾದವು. ಮಾರಿಬೊಳ್ಳ ಆಚೆಯವರ ಚರಿತ್ರೆಯಾಯಿತು, ತೊಂಬತ್ತೊಂಬತ್ತು ನಮ್ಮ ಪಠ್ಯಪುಸ್ತಕದ ಚರಿತ್ರೆಯಾಯಿತು. ಗಡಿನಾಡ ಕನ್ನಡಿಗನ ನೆನಪು ಎರಡೂ ಕಡೆಯ ಲೆಕ್ಕಕ್ಕೆ ಸಿಗದೆ ಉಳಿಯಿತು.

ಮಾರಿಬೊಳ್ಳದಲ್ಲಿ ಉಪ್ಪಿನಂಗಡಿ, ಬಂಟ್ವಾಳ, ಪಾಣೆಮಂಗಳೂರು ಮುಳುಗಿದವು. ಅಂದಿನ ಮನೆಗಳು ಹೆಚ್ಚಾಗಿ ಮಣ್ಣಿನ ಗೋಡೆಯವು, ಮುಳಿಹುಲ್ಲಿನ ಮಾಡಿನವು. ಅಂತಹ ಗೋಡೆ ನೀರು ಏರುವಾಗ ನಿಂತಿದ್ದರೂ ಬುಡ ನೆನೆದು ಮೆದುವಾಗಿ, ನೀರು ಇಳಿದ ಮೇಲೆ ಕುಸಿಯುವುದುಂಟು. ಆದುದರಿಂದ ಆಸರೆ ಬೇಕಾದುದು ಒಂದು ರಾತ್ರಿಗಲ್ಲ, ತಿಂಗಳುಗಟ್ಟಲೆ. ಅದೂ ಯಾವ ತಿಂಗಳು? ಆಟಿ. ಮಲಯಾಳಿಗಳ ಕರ್ಕಟಕ. ಹಳೆಯ ಅಕ್ಕಿಮುಡಿ ಕರಗುತ್ತ ಬಂದು, ಹೊಸ ಬೆಳೆ ಗದ್ದೆಯಲ್ಲೇ ಇರುವ ಕಾಲ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕಣಿಲೆ, ತಗತೆ ಸೊಪ್ಪುಗಳಲ್ಲಿ ದಿನ ದೂಡುವ ಮನೆಗೆ ಇನ್ನೊಂದು ಸಂಸಾರ ಬಂದು ಸೇರಿದರೆ ಗಂಜಿಯ ನೀರು ಹೆಚ್ಚಬೇಕಷ್ಟೆ. ಆಟಿಯಲ್ಲಿ ಹೊಟ್ಟೆಗೆ ಹಾಕಿದವನ ಋಣವನ್ನು ಸುಗ್ಗಿಯ ದಾನದ ಜತೆ ತೂಗಲಾಗದು.

ಮರುವರ್ಷದ ನೆರೆ ತಿರುವಿದಾಂಕೂರನ್ನೂ ಮಲಬಾರನ್ನೂ ಮುಳುಗಿಸಿತು, ಮುನ್ನಾರಿನ ಕುಂಡಳ ಕಣಿವೆಯ ರೈಲುದಾರಿಯನ್ನೇ ಕೊಚ್ಚಿಕೊಂಡು ಹೋಯಿತು. ಗಾಂಧೀಜಿ ‘ಯಂಗ್ ಇಂಡಿಯಾ’, ‘ನವಜೀವನ’ಗಳಲ್ಲಿ ಬರೆದು 6,000 ರೂಪಾಯಿಗೂ ಮಿಕ್ಕಿ ನಿಧಿ ಕೂಡಿಸಿದರು. ಹೆಂಗಸರು ಬಳೆ ಸರಗಳನ್ನು ಕೊಟ್ಟರು. ಒಂದು ಹೊತ್ತಿನ ಊಟ ಬಿಟ್ಟು, ಹಾಲು ಬಿಟ್ಟು ಹಣ ಕಳಿಸಿದವರೂ ಇದ್ದರು. ಕೇರಳವನ್ನು ಕಣ್ಣಿನಲ್ಲಿ ಕಾಣದ ಗುಜರಾತಿ ಓದುಗರೂ ಅವರಲ್ಲಿದ್ದರು.

1974ರ ಜುಲೈಯಲ್ಲಿ, ಮತ್ತೆ ಆಟಿಯಲ್ಲೇ, ಬಂಟ್ವಾಳ ಇನ್ನೊಮ್ಮೆ ಮುಳುಗಿತು. ಆಗ ನಡುವೆ ರಾಜ್ಯದ ಗೆರೆ ಇತ್ತು. ಸೋದರತ್ತೆಯ ಮನೆ ಆಚೆ, ತವರುಮನೆ ಈಚೆ ಇರುವ ನಮ್ಮವರಿಗೆ ಆ ಗೆರೆ ಬಸ್ಸಿನ ಟಿಕೇಟಿನಲ್ಲಿ ಮಾತ್ರ ಕಾಣುತ್ತಿತ್ತು.

2018ರ ಆಗಸ್ಟಿನ ಮಳೆಯಲ್ಲಿ, ಕೇರಳದ 13 ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ ಇದ್ದ ದಿನ, ಹೊರಗುಳಿದುದು ಕಾಸರಗೋಡು ಒಂದೇ. ನಮ್ಮ ಮುರಕಲ್ಲಿನ ಪದವುಗಳು ಎತ್ತರದಲ್ಲಿವೆ. ನೀರು ನಿಲ್ಲದ ನೆಲದವರಿಗೆ ಕೊಡುವ ಪಾಳಿ ಬರುತ್ತದೆ. ಅದೇ ದಿನಗಳಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿದು, ಜನ ಘಟ್ಟ ಇಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಶಿಬಿರಗಳಿಗೆ ಬಂದರು. ಆ ದಾರಿಯಲ್ಲೇ ಇಳಿಯುವ ಪಯಸ್ವಿನಿ ನಮ್ಮ ಜಿಲ್ಲೆಯಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ.

ದಕ್ಷಿಣದಲ್ಲಿ ಅಂದು ಮೀನುಗಾರರು ದೋಣಿಗಳನ್ನು ಲಾರಿಗೇರಿಸಿ ಒಳನಾಡಿಗೆ ಹೋದರು. ಸರಕಾರದ ಲೆಕ್ಕದಲ್ಲಿ 669 ದೋಣಿ, 4,537 ಮಂದಿ. ಅವರು ಉಳಿಸಿದ ಜೀವಗಳು 65,000ದಷ್ಟು. ಅವರನ್ನು ತಿರುವನಂತಪುರಕ್ಕೆ ಕರೆದು ಗೌರವಿಸಲಾಯಿತು.

1923ರಲ್ಲಿ ಹೆಲಿಕಾಪ್ಟರೂ ಇಲ್ಲ, ಯಂತ್ರದ ದೋಣಿಯೂ ಇಲ್ಲ. ಇದ್ದುದು ನೇತ್ರಾವತಿಯ ಕಡವುಗಳ ದೋಣಿಗಳು, ಅವುಗಳ ಅಂಬಿಗರು. ಅವರನ್ನು ಎಣಿಸಿದವರಿಲ್ಲ. ಹೊಳೆಬದಿಯ ಯಾವ ಮನೆಯಲ್ಲಾದರೂ ಅಜ್ಜನ ಬಾಯಿಂದ ಅಂತಹ ಒಂದು ಹೆಸರು ಕೇಳಿದವರಿದ್ದರೆ, ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ, ಬರೆದಿಡುವ ಕೆಲಸ ಇನ್ನೂ ಬಾಕಿ ಇದೆ.