ತೂಬು ಎತ್ತುವ ಅಧಿಕಾರ ಯಾರದು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಭೂಪಟದಲ್ಲಷ್ಟೇ ನೀಲಿ. ಬಹುಕಾಲ ಅವುಗಳ ಪಾತ್ರದಲ್ಲಿ ಕಾಣುವುದು ಮರಳು. ಹೀಗಾಗಿ ಇಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ ಮೊದಲಿನಿಂದಲೂ ಕೆರೆ ಏರಿಯ ಮೇಲೆಯೇ ಇತ್ಯರ್ಥವಾಗುತ್ತ ಬಂದಿದೆ.

ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲು. ಕೆರೆ ಕಟ್ಟಿಸಿದವರಿಗೂ ಒಡೆದ ಏರಿಯನ್ನು ಸರಿಪಡಿಸಿದವರಿಗೂ ಗದ್ದೆಯನ್ನು ಕೊಡಗೆಯಾಗಿ ಬಿಡುವ ಪದ್ಧತಿ ಹಿಂದೆ ಇತ್ತು. ದಿನನಿತ್ಯದ ನೀರಿನ ಹಂಚಿಕೆ ಮಾತ್ರ ನೀರುಗಂಟಿಯ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ತೂಬು ಎಂದು ಎತ್ತಬೇಕು, ಕೋಡಿ ಬೀಳುವ ರಾತ್ರಿ ಯಾರು ಕಾಯಬೇಕು ಎಂಬುದೆಲ್ಲ ಅವನಿಗೆ ತಿಳಿದಿತ್ತು. ಸುಗ್ಗಿಯಲ್ಲಿ ಅವನಿಗೆ ಸಿಗುತ್ತಿದ್ದುದು ಕಾಳಿನ ಪಾಲು. ಈ ವ್ಯವಸ್ಥೆಯನ್ನು ಗ್ರಾಮಸ್ವರಾಜ್ಯವೆಂದು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ನೀರುಗಂಟಿ ಬಹುಮಟ್ಟಿಗೆ ದಲಿತನೇ ಆಗಿದ್ದ. ಎಲ್ಲರ ಗದ್ದೆಗೂ ನೀರು ಹಾಯಿಸಿದವನಿಗೆ ಊರಿನ ತೀರ್ಮಾನದಲ್ಲಿ ಸಮಪಾಲು ಇರಲಿಲ್ಲ.

ಮುಂದೆ ತೀರ್ಮಾನ ಊರಿನಿಂದಲೇ ದೂರ ಸರಿಯಿತು. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಒಪ್ಪಂದದ ಪ್ರಕಾರ, ಪಟ್ಟಿಯಲ್ಲಿದ್ದ ನದಿಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಮದರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಅದರಲ್ಲಿ ಸೇರಿದ್ದವು. ಕೆರೆಗಳು ಸರ್ಕಾರಿ ಇಲಾಖೆಯ ಕಡತ ಸೇರಿದವು, ಹೂಳು ಎತ್ತುವವರಿಲ್ಲವಾಯಿತು. ಆಮೇಲೆ ಬಂದವು ಕೊಳವೆಬಾವಿಗಳು. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೂ ಫ್ಲೋರೈಡ್ ಬೆರೆತಿರುವ ಸ್ಥಿತಿ ಒದಗಿತು.

ಇತ್ತ ಜಗತ್ತಿನ ಚಾವಡಿಯಲ್ಲಿ ಬೇರೆ ಮಾತು ನಡೆದಿತ್ತು. 1992ರ ಡಬ್ಲಿನ್ ಸಮ್ಮೇಳನ ನೀರಿನ ನಿರ್ವಹಣೆಯಲ್ಲಿ ಬಳಕೆದಾರರೂ ಪಾಲ್ಗೊಳ್ಳಬೇಕೆಂದಿತು. ನೀರು ಒಂದು ಆರ್ಥಿಕ ಸರಕು ಎಂದೂ ಅದೇ ಉಸಿರಿನಲ್ಲಿ ಹೇಳಿತು! ಹತ್ತು ವರ್ಷಗಳ ಬಳಿಕ, 2002ರಲ್ಲಿ, ವಿಶ್ವಬ್ಯಾಂಕಿನ ನೆರವಿನ ಕೆರೆ ಯೋಜನೆ ಕೋಲಾರಕ್ಕೂ ಬಂತು. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು; ಊರವರೂ ವಂತಿಗೆ ಕೊಡಬೇಕಿತ್ತು. ಆದರೆ ಸಂಘ ಕಟ್ಟಿದ ಮಾತ್ರಕ್ಕೆ ಮಳೆ ಬರುವುದಿಲ್ಲವಷ್ಟೆ.

ಮೇಲಿನಿಂದ ಬಂದ ಸಂಘಗಳಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಬೀದಿಯ ದನಿ. ಜಿ.ಎಸ್. ಪರಮಶಿವಯ್ಯ ವರದಿಯ ಜಾರಿಗೆ ಒತ್ತಾಯಿಸುತ್ತಿದ್ದ ಶಾಶ್ವತ ನೀರಾವರಿ ಹೋರಾಟ ಸಮಿತಿ 2015ರಲ್ಲಿ ಅನಿರ್ದಿಷ್ಟ ಕಾಲದ ಧರಣಿ ಹೂಡಿತು. 2016ರ ಮಾರ್ಚಿನಲ್ಲಿ ರೈತರು ಟ್ರ್ಯಾಕ್ಟರುಗಳನ್ನೇರಿ ಬೆಂಗಳೂರಿನತ್ತ ಹೊರಟರು. ಇದನ್ನು ‘ನಾಗರಿಕ ಸಮಾಜ’ವೆಂದು ಪುಸ್ತಕಗಳು ಕರೆಯುತ್ತವೆ, ಕೋಲಾರದಲ್ಲಿ ಅದಕ್ಕೆ ಹೋರಾಟವೆಂದೇ ಹೆಸರು.

ಕೊನೆಗೆ ನೀರು ಬಂದಿತು. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿದದ್ದು ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು, ಎರಡು ಹಂತ ಶುದ್ಧೀಕರಿಸಿದ್ದು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ನೀರಿಗಾಗಿ ಧರಣಿ ನಡೆಸಿದ ಸಮಿತಿಯ ಅಧ್ಯಕ್ಷ ಆರ್. ಆಂಜನೇಯ ರೆಡ್ಡಿ ಅವರೇ ಈ ನೀರಿನ ವಿರುದ್ಧ ನ್ಯಾಯಾಲಯದಲ್ಲಿದ್ದರು. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂಬುದು ಅವರ ವಾದ. ಬಾಯಾರಿದವರು ಕೊಟ್ಟದ್ದನ್ನು ಕುಡಿಯಬೇಕೆಂದು ಕೆಲವರು ಗೊಣಗಿದರು. ಕೇಳಿದವರಿಗೆ ನೀರು ಎಂಥದ್ದೆಂದು ಪರೀಕ್ಷಿಸುವ ಹಕ್ಕು ಬೇಡವೆ? ಹೈಕೋರ್ಟ್ 2018ರ ಜುಲೈನಲ್ಲಿ ಯೋಜನೆಗೆ ತಡೆ ನೀಡಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಅವಕಾಶ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ವಿಧಿಸಿ, ಏಪ್ರಿಲ್‌ನಲ್ಲಿ ತೆರವು ಮಾಡಿತು.

ಅನಂತರ ಒಂದು ಕೆರೆ ತುಂಬಿ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹರಿಯತೊಡಗಿತು. ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ. ಈ ಕೆರೆಗಳಿಂದ ಗದ್ದೆಗೆ ನೇರವಾಗಿ ನೀರು ಎತ್ತುವಂತಿಲ್ಲ. ತುಂಬಿದ ಕೆರೆಯ ಏರಿಯ ಮೇಲೆ ನೀರುಗಂಟಿಗೆ ಈಗ ಕೆಲಸವಿಲ್ಲ.