ಟ್ರಯನ್ ಅರಮನೆಯಲ್ಲಿ ಹಳೆಯದು ಯಾವುದು?

ಏಪೆಕ್ಸಿನಿಂದ ಕಾರಲ್ಲಿ ಎರಡು ತಾಸು ಹೋದ್ರೆ ನ್ಯೂಬರ್ನ್ ಊರು. ಬ್ರಿಟಿಷ್ ಗವರ್ನರ್ ವಿಲಿಯಂ ಟ್ರಯನ್ ಅಲ್ಲಿ ಕಟ್ಟಿಸಿದ ಅರಮನೆ ಮುಗಿದದ್ದು 1770ರಲ್ಲಿ. ಅದರ ತೆರಿಗೆ ಬಿದ್ದದ್ದು ಅದನ್ನು ಕಣ್ಣಲ್ಲೂ ಕಾಣದ ಪಶ್ಚಿಮದ ಬಡ ರೈತರ ಮೇಲೂ. ಮೊದಲೇ ಅಧಿಕಾರಿಗಳ ಸುಲಿಗೆಗೆ ರೋಸಿದ್ದ ಅವರು ತಿರುಗಿಬಿದ್ದರು. 1771ರ ಮೇ 16ರಂದು ಅಲಮಾನ್ಸ್ ಕಾಳಗದಲ್ಲಿ ಟ್ರಯನ್ ಗೆದ್ದ. ಸೆರೆಸಿಕ್ಕ ಆರು ಜನರನ್ನು ಹಿಲ್ಸ್‌ಬರೋದಲ್ಲಿ ಗಲ್ಲಿಗೇರಿಸಿದರು. ನಮ್ಮ ಮನೆಗೆ ಇಷ್ಟು ಹತ್ತಿರದ ಊರು ಅದು!

1798ರಲ್ಲಿ ಬೆಂಕಿ ಬಿದ್ದು ಅರಮನೆ ಸುಟ್ಟುಹೋಯ್ತು. 1897ರಲ್ಲಿ ನಮ್ಮ ಮೈಸೂರಿನ ಮರದ ಅರಮನೆ ಸುಟ್ಟಾಗ ಹೆನ್ರಿ ಇರ್ವಿನ್ ಹೊಸ ನಕ್ಷೆಯನ್ನೇ ಬರೆದ. ಇಲ್ಲಿ ಜಾನ್ ಹಾಕ್ಸ್‌ನ ಹಳೇ ನಕ್ಷೆ ಹಿಡಿದು ಮತ್ತೆ ಕಟ್ಟಿ, 1959ರಲ್ಲಿ ಬಾಗಿಲು ತೆರೆದರು. ಎಲೆಕ್ಟ್ರಿಷಿಯನ್ ಕಣ್ಣು ನೋಡಿ, ಎಲ್ಲೋದ್ರೂ ವೈರು ಹುಡುಕುತ್ತೆ. ಆದ್ರೆ ನಾನು ಹೆಚ್ಚು ಹೊತ್ತು ನಿಂತದ್ದು ಪಕ್ಕದ ಕುದುರೆ ಲಾಯದ ಮುಂದೆ. ಆ ರೈತರ ಕಾಲದ್ದಾಗಿ ಇನ್ನೂ ನಿಂತಿರೋ ಕಟ್ಟಡ ಅದೊಂದೇ.