ಉಸಿರು ಸರಿಯಾದರೆ ಅಸ್ತಮಾ ಇನ್‌ಹೇಲರ್ ನಿಲ್ಲಿಸಬಹುದೇ?

‘ಇನ್‌ಹೇಲರ್ ಚಟವಾಗುತ್ತದೆ, ಆರಾಮಾದ ಕೂಡಲೇ ಬಿಟ್ಟುಬಿಡಿ’ ಎಂಬ ಸಂದೇಶ ತಪ್ಪು.

ಶ್ವಾಸನಾಳದ ಒಳಪದರದ ಜೀವಕೋಶಗಳು ಬರೀ ಗೋಡೆಯಲ್ಲ, ಕಾವಲುಗಾರರು. ಕೆಲವು ಲೋಳೆ ಸ್ರವಿಸಿ ಧೂಳು, ರೋಗಾಣುಗಳನ್ನು ಹಿಡಿಯುತ್ತವೆ. ಇನ್ನು ಕೆಲವು ಸೂಕ್ಷ್ಮ ರೋಮಗಳಿಂದ ಆ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ವೈರಸ್ ಹೊಕ್ಕರೆ ಇಂಟರ್‌ಫೆರಾನ್ ಬಿಡುಗಡೆ ಮಾಡಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ.

ಅಸ್ತಮಾ ಇರುವವರಲ್ಲಿ ಧೂಳು, ಪರಾಗ ತಗುಲಿದಾಗ ಇವೇ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-33ರಂತಹ ಅಪಾಯದ ಸಂಕೇತಗಳನ್ನು ಅತಿಯಾಗಿ ಕಳಿಸುತ್ತವೆ. ಉರಿಯೂತವಾಗಿ ನಾಳ ಊದಿ ಕಿರಿದಾಗುತ್ತದೆ. 2021ರಲ್ಲಿ ಅಮೆರಿಕ ಅನುಮೋದಿಸಿದ ಟೆಜೆಪೆಲುಮಾಬ್ ಔಷಧ ತಡೆಯುವುದು ಟಿಎಸ್‌ಎಲ್‌ಪಿಯನ್ನೇ.

ಉಬ್ಬಸ ನಿಂತರೂ ಉರಿಯೂತ ಒಳಗೆ ಉಳಿದಿರಬಹುದು. ಸ್ಟೀರಾಯ್ಡ್ ಇನ್‌ಹೇಲರ್ ತಗ್ಗಿಸುವುದು ಅದನ್ನೇ. ಅದು ಚಟ ಹಿಡಿಸುವುದಿಲ್ಲ. ನಿಲ್ಲಿಸಿದರೆ ಉಬ್ಬಸ ಮರಳಿ, ಜೀವಕ್ಕೇ ಅಪಾಯವಾಗಬಹುದು. ವೈದ್ಯರನ್ನು ಕೇಳದೆ ಬಿಡಬೇಡಿ.